‘ಸೌಂಡ್ ಇಲ್ಲ’ ಎಂದು ಬರೆದ ಡಿವಿಡಿ

ನಮ್ಮ ಮನೆಯ ಮಾಳಿಗೆಯ ಮೇಲೆ ಹನ್ನೊಂದು ಮದುವೆಗಳು ದಾರಕ್ಕೆ ಜೋತುಬಿದ್ದಿವೆ. ಹಪ್ಪಳ ಒಣಹಾಕುವ ಜಾಗಕ್ಕೆ ಪಾರಿವಾಳ ಬರಬಾರದೆಂದು ನನ್ನ ಹೆಂಡತಿ ನನ್ನ ಹಳೆಯ ಡಿವಿಡಿಗಳನ್ನು ಸಾಲಾಗಿ ಕಟ್ಟಿದ್ದಾಳೆ. ಗಾಳಿ ಬೀಸಿದರೆ ಗಿರಗಿರ ತಿರುಗಿ ಮಿಂಚುತ್ತವೆ. ಆ ಮದುವೆಗಳ ಗಂಡಹೆಂಡಿರು ಈಗ ಹೇಗಿದ್ದಾರೋ ಗೊತ್ತಿಲ್ಲ, ಪಾರಿವಾಳಗಳಂತೂ ಹತ್ತಿರ ಸುಳಿಯುವುದಿಲ್ಲ. ಮೊನ್ನೆ ಹನ್ನೆರಡನೆಯದನ್ನು ಕಟ್ಟಲು ಕೈಗೆತ್ತಿಕೊಂಡವಳು, ಇದಂತೂ ಕೆಟ್ಟದ್ದೇ ಅಲ್ಲವೇ, ನೀವೇ ಬರೆದಿದ್ದೀರಲ್ಲ ಎಂದಳು. ನಾನು ಅದನ್ನು ಕಸಿದುಕೊಂಡೆ. ಅದರ ಮೇಲೆ ಕಪ್ಪು ಮಾರ್ಕರಿನಲ್ಲಿ, ಕಾಗೆಕಾಲಿನಂಥ ನನ್ನದೇ ಅಕ್ಷರದಲ್ಲಿ, ‘ಗಂಗಾ ಮದುವೆ, ಮಹಾಕೂಟ, ಸೌಂಡ್ ಇಲ್ಲ’ ಎಂದು ಬರೆದಿದೆ.

ಗಂಗಾ ಖರೆ, ಮಹಾಕೂಟವೂ ಖರೆ. ಮೂರನೆಯದು ಸುಳ್ಳು. ಅದರಲ್ಲಿ ಸೌಂಡ್ ಇದೆ. ಬೇಕಾದಷ್ಟಿದೆ, ಬೇಡವಾದದ್ದೂ ಇದೆ. ಆ ಎರಡು ಶಬ್ದ ಬರೆದು ನಾನು ಮಾಡಿದ ಅನ್ಯಾಯವನ್ನು ಯಾರ ಮುಂದಾದರೂ ಹೇಳಿಕೊಳ್ಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ನೀವು ಸಿಕ್ಕಿದ್ದೀರಿ, ಕೂತುಕೊಳ್ಳಿ.

ಸದ್ದಿನ ವಿಷಯದಲ್ಲಿ ನಮ್ಮ ಓಣಿಯವರು ಸ್ವಲ್ಪ ಬೇರೆ ಥರದ ಜನ. ಇಳಕಲ್ಲಿನ ನೇಕಾರರ ಓಣಿಯಲ್ಲಿ ಹುಟ್ಟಿದ ಕೂಸಿಗೆ ಜೋಗುಳ ಬೇಕಿಲ್ಲ, ಮಗ್ಗದ ಲಟಪಟ ಸಾಕು. ನಮ್ಮ ಮನೆಯ ನಡುಮನೆಯಲ್ಲೇ ಕುಣಿ ಮಗ್ಗ. ಅಪ್ಪ ಬೆಳಿಗ್ಗೆ ಕುಣಿಯಲ್ಲಿ ಕಾಲಿಳಿಸಿ ಕೂತನೆಂದರೆ ಸಂಜೆಯವರೆಗೂ ಅದೇ ತಾಳ. ಅದರ ನಡುವೆಯೇ ನಮ್ಮ ಓದು, ಜಗಳ, ಜ್ವರ, ನಿದ್ದೆ ಎಲ್ಲ. ಅಮಾವಾಸ್ಯೆಗೆ ಮಗ್ಗಕ್ಕೆ ರಜೆ. ಅವತ್ತು ಸದ್ದೇ ಇಲ್ಲದ್ದಕ್ಕೆ ನಮಗೆ ಬೆಳಗಿನಲ್ಲಿ ತಟ್ಟನೆ ಎಚ್ಚರವಾಗಿ, ಏನೋ ಅನಾಹುತವಾಗಿದೆ ಎಂದು ಎದೆ ಹಾರುತ್ತಿತ್ತು. ಇಂಥಲ್ಲಿ ಬೆಳೆದವರು ಗುಟ್ಟು ಹೇಳಿದರೂ ಮೂರು ಮನೆಗೆ ಕೇಳುತ್ತದೆ. ಹುನಗುಂದದ ನಮ್ಮ ಬೀಗರು, ನೀವು ನೀರು ಕೇಳಿದರೂ ಜಗಳಕ್ಕೆ ಬಂದ ಹಾಗಿರುತ್ತದೆ ಎಂದು ನಗುತ್ತಿದ್ದರು. ನನ್ನ ದನಿ ಹೊರಗಿನವರಿಗೆ ಹೇಗೆ ಕೇಳುತ್ತದೆ ಎಂಬುದು ನನಗೆ ತಿಳಿದದ್ದು ಮೂವತ್ತು ದಾಟಿದ ಮೇಲೆ. ಅದೂ ಈ ಡಿವಿಡಿಯಿಂದ.

ಅಪ್ಪನ ಮಗ್ಗಕ್ಕೆ ಕಂಡಿಕೆ ಸುತ್ತಿಕೊಡುತ್ತಿದ್ದವಳು ಎದುರುಮನೆಯ ಶಾಂತವ್ವ. ಲಾಳಿಯೊಳಗೆ ಕೂರುವ ಆ ಪುಟ್ಟ ಕೋಲಿಗೆ ರಾಟೆಯಿಂದ ನೂಲು ಸುತ್ತುವ ಕೆಲಸ. ಅವ್ವನಿಗಿಂತ ಸಣ್ಣವಳಾದ್ದರಿಂದ ನನಗೆ ಅವಳು ಚಿಗವ್ವ. ರಕ್ತಸಂಬಂಧವೇನೂ ಇಲ್ಲ, ಆದರೆ ನಾನು ಸಾಲೆ ತಪ್ಪಿಸಿ ಬಂದರೆ ಅವಳ ರಾಟೆಯ ಹಿಂದೆಯೇ ಬಚ್ಚಿಟ್ಟುಕೊಳ್ಳುತ್ತಿದ್ದೆ. ಅವಳು ಅಪ್ಪನಿಗೆ ನನ್ನನ್ನು ಒಮ್ಮೆಯೂ ಹಿಡಿದುಕೊಟ್ಟವಳಲ್ಲ. ಮಡಿಲಲ್ಲಿದ್ದ ಹುರಿದ ಪುಟಾಣಿ, ಬೆಲ್ಲದಲ್ಲಿ ನನ್ನ ಪಾಲು ತೆಗೆದು ಕೊಡುತ್ತಿದ್ದಳು. ಗಂಡ ಬೇಗ ತೀರಿಕೊಂಡಿದ್ದ. ಇದ್ದವಳು ಒಬ್ಬಳೇ ಮಗಳು, ಗಂಗಾ.

ಶಾಂತವ್ವನಿಗೆ ಒಂದು ವಿದ್ಯೆಯಿತ್ತು. ಒಡಪು ಕಟ್ಟುತ್ತಿದ್ದಳು. ನಮ್ಮ ಕಡೆ ಮದುಮಗಳು ಗಂಡನ ಹೆಸರನ್ನು ಸುಮ್ಮನೆ ಹೇಳುವ ಹಾಗಿಲ್ಲ, ಎರಡು ಸಾಲಿನ ಪ್ರಾಸದೊಳಗೆ ಸಿಗಿಸಿ ಹೇಳಬೇಕು. ಹೇಳುವತನಕ ಹೆಂಗಸರು ಬಿಡುವುದಿಲ್ಲ, ಹೇಳಿದ ಮೇಲೆ ನಗದೆ ಇರುವುದಿಲ್ಲ. ಓಣಿಯಲ್ಲಿ ಯಾರ ಮದುವೆ ಇದ್ದರೂ ಹಿಂದಿನ ದಿನ ಮದುಮಗಳು ಶಾಂತವ್ವನ ಹಿತ್ತಿಲ ಬಾಗಿಲಿಗೆ ಬಂದು, ಚಿಗವ್ವ, ನನಗೊಂದು ಒಡಪು ಎಂದು ಕೇಳುತ್ತಿದ್ದಳು. ರಾಟೆ ತಿರುಗಿಸುತ್ತಲೇ ಅವಳು ಕಟ್ಟಿಕೊಡುತ್ತಿದ್ದಳು. ಮರುದಿನ ಮದುವೆಯಲ್ಲಿ ಆ ಒಡಪಿಗೆ ಮಂದಿ ಬಿದ್ದುಬಿದ್ದು ನಗುವಾಗ ಕಟ್ಟಿದವಳು ಅಡುಗೆಮನೆಯಲ್ಲಿ ಗೋಡೆಗೆ ಕಿವಿಯಿಟ್ಟು ಕೇಳುತ್ತಿದ್ದಳು. ಗಂಡ ಹೋದ ಹೆಂಗಸು ಮುಂದೆ ನಿಲ್ಲುವಂತಿರಲಿಲ್ಲ. ಹಾಗೆಂದು ಯಾರೂ ಹೇಳುತ್ತಲೂ ಇರಲಿಲ್ಲ, ಅವಳೇ ನಿಲ್ಲುತ್ತಿರಲಿಲ್ಲ. ನಮ್ಮ ಮನೆಯ ಗೋಡೆಯ ಮೇಲೆ ಶರಣರ ಫೋಟೋ ಇತ್ತು, ದಿನಾ ಊದಿನಕಡ್ಡಿಯೂ ಹಚ್ಚುತ್ತಿದ್ದೆವು. ಗೋಡೆಯ ಮೇಲಿನದು ಗೋಡೆಯ ಮೇಲೆಯೇ ಇತ್ತು.

ಇನ್ನು ನನ್ನ ಕತೆ. ಕುಣಿಯಲ್ಲಿ ಕಾಲಿಳಿಸಲು ನನಗೆ ಮನಸ್ಸಿರಲಿಲ್ಲ. ಕಂಪ್ಯೂಟರ್ ಕ್ಲಾಸಿಗೆ ಹೋದೆ, ಅಲ್ಲಿಂದ ಮದುವೆ ವೀಡಿಯೋಕ್ಕೆ ಬಂದೆ. ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮೂರಲ್ಲಿ ಕ್ಯಾಮೆರಾ ಹಿಡಿದವನಿಗೆ ಮದುಮಗನಿಗಿಂತ ಒಂದು ಕೈ ಹೆಚ್ಚು ಮರ್ಯಾದೆ. ಸ್ವಾಮಿಗಳು ಕೂಡ, ವೀಡಿಯೋದವರು ತಯಾರೇನ್ರಿ ಎಂದು ಕೇಳಿ ಆಮೇಲೆ ತಾಳಿ ಕಟ್ಟಿಸುತ್ತಿದ್ದರು. ಶೂಟಿಂಗ್ ಆದ ಮೇಲೆ ಕಂಪ್ಯೂಟರಿನಲ್ಲಿ ಜೋಡಿಸುವುದಕ್ಕೆ ನಾವು ಮಿಕ್ಸಿಂಗ್ ಎನ್ನುತ್ತಿದ್ದೆವು. ನನ್ನ ಮಿಕ್ಸಿಂಗ್ ಸಾಫ್ಟ್‌ವೇರು ಯಾರೋ ಯಾರಿಂದಲೋ ಕಾಪಿ ಮಾಡಿ ತಂದದ್ದು. ಅದರಲ್ಲಿ ಹೃದಯದ ಆಕಾರದೊಳಗೆ ಜೋಡಿಯನ್ನು ಕೂರಿಸಬಹುದಿತ್ತು, ಗುಲಾಬಿ ಪಕಳೆ ಉದುರಿಸಬಹುದಿತ್ತು, ಬೇಕಾದರೆ ಬಾದಾಮಿಯ ಗುಡ್ಡದ ಮುಂದೆ ಹಂಸ ತೇಲಿಸಬಹುದಿತ್ತು. ನಾನು ಇವೆಲ್ಲವನ್ನೂ ಮಾಡಿದ್ದೇನೆ. ಮಾಡಿದವರು ಯಾರೆಂದು ಈಗ ಯಾರಾದರೂ ಕೇಳಿದರೆ ಸುಮ್ಮನಿರುತ್ತೇನೆ.

ಒಂದು ವಿಷಯ ನೀವು ಗಮನಿಸಿರಬಹುದು. ಆ ಕಾಲದ ಮದುವೆ ವೀಡಿಯೋದಲ್ಲಿ ಯಾರೂ ಮಾತಾಡುವುದಿಲ್ಲ. ಬಾಯಿ ಆಡುತ್ತದೆ, ಕೇಳುವುದು ಸಿನಿಮಾ ಹಾಡು. ಮಂದಿಯ ಗದ್ದಲ, ಬ್ಯಾಂಡು, ಅಳುವ ಕೂಸು, ಅಕ್ಕಿಕಾಳಿಗಾಗಿ ಜಗಳ, ಇವೆಲ್ಲ ಮಿಕ್ಸಿಂಗಿನವನ ಕಣ್ಣಲ್ಲಿ ಕಸ. ಸಾಫ್ಟ್‌ವೇರಿನಲ್ಲಿ ಚಿತ್ರಕ್ಕೊಂದು ಪಟ್ಟಿ, ಅದರ ಕೆಳಗೆ ದನಿಗೊಂದು ಪಟ್ಟಿ ಬರುತ್ತಿತ್ತು. ನಾವು ಮೊದಲು ಮಾಡುತ್ತಿದ್ದ ಕೆಲಸವೇ ದನಿಯ ಪಟ್ಟಿ ಅಳಿಸಿ ಅಲ್ಲಿ ಹಾಡು ಇಡುವುದು. ಗಿರಾಕಿಗಳೂ ಹಾಡಿನ ಪಟ್ಟಿಯನ್ನು ಬರೆದು ತಂದುಕೊಡುತ್ತಿದ್ದರು. ಸೌಂಡ್ ಎಲ್ಲಿ ಎಂದು ಕೇಳಿದವಳು ನನ್ನ ಅಷ್ಟು ವರ್ಷದ ಕಸುಬಿನಲ್ಲಿ ಒಬ್ಬಳೇ.

ಗಂಗಾಳ ಮದುವೆ ಮಹಾಕೂಟದ ಗುಡಿಯಲ್ಲಿ ನಿಗದಿಯಾಯಿತು. ಗಂಡು ಬಾದಾಮಿಯ ಕಡೆಯವನು, ಈರಣ್ಣ, ಬಸ್ಸಿನ ಕಂಡಕ್ಟರ್. ಮದುವೆಗೆ ಎರಡು ದಿನ ಇದೆ ಎನ್ನುವಾಗ ನನ್ನ ಟೇಪಿನ ಕ್ಯಾಮೆರಾ ಕೈಕೊಟ್ಟಿತು. ಬಾಗಲಕೋಟೆಯಲ್ಲಿ ನನ್ನಂತೆಯೇ ವೀಡಿಯೋ ಮಾಡುವ ಗೆಳೆಯ ಸಂಗಮೇಶ ತನ್ನ ಹೊಸ ಕ್ಯಾಮೆರಾ ಕೊಟ್ಟ. ಅದಕ್ಕೆ ಟೇಪೇ ಇಲ್ಲ, ಹೊಟ್ಟೆಯೊಳಗೇ ಹಾರ್ಡ್‌ಡಿಸ್ಕು. ಅದನ್ನು ಹೆಗಲಿಗೇರಿಸಿಕೊಂಡು ಮಹಾಕೂಟದ ಹೊಂಡದ ಸುತ್ತ ನಾನು ಓಡಾಡಿದ ಠೀವಿ ನೋಡಿದ್ದರೆ ನೀವೂ ದಾರಿ ಬಿಡುತ್ತಿದ್ದಿರಿ. ಹೊಂಡದಲ್ಲಿ ಹುಡುಗರು ಧುಮುಕುತ್ತಿದ್ದರು, ಗುಡಿಯಲ್ಲಿ ಗಂಟೆ, ಹೆಂಗಸರ ನಗು. ತಾಳಿ ಕಟ್ಟಿದ್ದಾಯಿತು, ಒಡಪೂ ಆಯಿತು. ಎಲ್ಲ ತೆಗೆದೆ. ಊರಿಗೆ ಬಂದು ಕಂಪ್ಯೂಟರಿಗೆ ಇಳಿಸಿಕೊಂಡು, ಕ್ಯಾಮೆರಾ ಖಾಲಿ ಮಾಡಿ, ಮರುದಿನದ ಬಸ್ಸಿಗೆ ಬಾಗಲಕೋಟೆಗೆ ವಾಪಸು ಕಳಿಸಿಬಿಟ್ಟೆ.

ಮಿಕ್ಸಿಂಗಿಗೆ ಕೂತಾಗ ನೋಡುತ್ತೇನೆ, ಚಿತ್ರದ ಪಟ್ಟಿ ಬಂತು, ದನಿಯ ಪಟ್ಟಿ ಇಲ್ಲ.

ಹಾಡೇ ಹಾಕುವವನಿಗೆ ದನಿ ಯಾಕೆ ಬೇಕಿತ್ತು ಎಂದು ಕೇಳುತ್ತೀರಿ. ಬೇಕಿರಲಿಲ್ಲ. ಆದರೆ ಅಳಿಸುವ ವಸ್ತುವೇ ಕಾಣದಿದ್ದರೆ ಕಸುಬಿನವನಿಗೆ ಅವಮಾನವಾಗುತ್ತದೆ. ಮೊದಲು ಸ್ಪೀಕರಿನ ತಲೆಗೆ ತಟ್ಟಿದೆ. ವಾಯರು ಕಿತ್ತು ಊದಿ ಮತ್ತೆ ಸಿಗಿಸಿದೆ. ಹಾಡು ಹಚ್ಚಿದರೆ ಸ್ಪೀಕರು ಚೆನ್ನಾಗಿಯೇ ಕೂಗುತ್ತಿತ್ತು. ಕಂಪ್ಯೂಟರು ಬಂದ್ ಮಾಡಿ, ಚಾಲೂ ಮಾಡಿ, ಮತ್ತೆ ಬಂದ್ ಮಾಡಿದೆ. ಸಾಫ್ಟ್‌ವೇರು ಕಿತ್ತು ಹೊಸದಾಗಿ ಹಾಕಿದೆ, ಹಾಕುವ ಮುಂಚೆ ಕಂಪ್ಯೂಟರಿಗೆ ಊದಿನಕಡ್ಡಿ ಬೆಳಗಿದೆ. ಫೈಲಿನ ಹೆಸರಿನ ಬಾಲ ಬದಲಿಸಿದರೆ ಬರುತ್ತದೆ ಎಂದು ಯಾರೋ ಹೇಳಿದ್ದರು, ಬದಲಿಸಿದೆ. ಆಗ ಚಿತ್ರವೂ ಹೋಯಿತು. ಕೊನೆಗೆ ಇಂಟರ್‌ನೆಟ್ ಅಂಗಡಿಯಲ್ಲಿ ಕೂತು ನನ್ನ ಹರಕು ಇಂಗ್ಲಿಷಿನಲ್ಲಿ ಹುಡುಕಿದೆ. ಯಾವುದೋ ದೇಶದ ಒಬ್ಬ ಪುಣ್ಯಾತ್ಮ ಅಕ್ಷರಕ್ಕೆ ಅಕ್ಷರ ನನ್ನದೇ ಪ್ರಶ್ನೆ ಕೇಳಿದ್ದ. ಅವನ ಕೆಳಗೆ ಏಳು ಜನ ‘ನನಗೂ ಹೀಗೇ ಆಗಿದೆ’ ಎಂದು ಬರೆದಿದ್ದರು. ಉತ್ತರ ಬರೆದವರು ಯಾರೂ ಇರಲಿಲ್ಲ. ಏನೇ ಆಗಲಿ, ನಾನೊಬ್ಬನೇ ಅಲ್ಲ ಎಂದು ಸ್ವಲ್ಪ ಸಮಾಧಾನವಾಗಿ ಮನೆಗೆ ಬಂದೆ.

ಅಪ್ಪ ಅಷ್ಟರಲ್ಲಿ ಮಗ್ಗ ಇಳಿಸಿಯಾಗಿತ್ತು. ಮೊಣಕಾಲು ಸೋತಿದ್ದವು, ನಾನು ಕೂರಲಿಲ್ಲ, ಕೊನೆಗೆ ಕುಣಿಯನ್ನೇ ಮುಚ್ಚಿಸಿದ. ಶಾಂತವ್ವನ ಕಂಡಿಕೆಯ ಕೆಲಸವೂ ಅಲ್ಲಿಗೆ ನಿಂತು, ಅವಳು ಪವರ್‌ಲೂಮಿನ ಶೆಡ್ಡಿಗೆ ಹೋಗತೊಡಗಿದ್ದಳು. ಮಾಡಲು ಕೆಲಸವಿಲ್ಲದ ಅಪ್ಪ ನನ್ನ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ನನ್ನ ಒದ್ದಾಟವನ್ನೆಲ್ಲ ನೋಡಿ ಒಂದು ದಿನ ಹೇಳಿದ:

‘ಒಡಲು ಬಂದೈತಿ, ಸೆರಗು ಬಂದಿಲ್ಲ. ಅದು ಬ್ಯಾರೆ ನೂಲು ಇರಬೇಕು ಲೇ ಬಸ್ಯಾ. ನಿನ್ನ ಮಷೀನಿಗೆ ಹತ್ತಿ ಅಷ್ಟ ಗೊತ್ತೈತಿ, ರೇಶ್ಮಿ ಗೊತ್ತಿಲ್ಲ. ಸೆರಗು ಬ್ಯಾರೆ ಹಾಸಿಕೊಂಡು ಆಮ್ಯಾಲೆ ಕೊಂಡಿ ಹಾಕು.’

ನಮ್ಮ ಇಳಕಲ್ ಸೀರೆಯ ಗುಣವೇ ಅದು. ಒಡಲಿನ ಹಾಸು ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಎರಡನ್ನೂ ಬೇರೆ ಬೇರೆ ತಯಾರಿಸಿ, ಒಂದೊಂದೇ ಎಳೆಗೆ ಕೊಂಡಿ ಹಾಕಿ ಕೂಡಿಸುತ್ತಾರೆ. ನಾನು ಅಪ್ಪನ ಮಾತಿಗೆ ನಕ್ಕೆ. ಇದು ಕಂಪ್ಯೂಟರಪ್ಪಾ, ಸೀರೆಯಲ್ಲ ಎಂದೆ. ವರ್ಷಗಳಾದ ಮೇಲೆ ತಿಳಿಯಿತು, ಆ ಹೊಸ ಕ್ಯಾಮೆರಾ ದನಿಯನ್ನು ಬೇರೆಯೇ ಒಂದು ಬಗೆಯಲ್ಲಿ ಕಟ್ಟಿಡುತ್ತಿತ್ತು, ನನ್ನ ಹಳೆಯ ಸಾಫ್ಟ್‌ವೇರಿಗೆ ಆ ಕಟ್ಟು ಬಿಚ್ಚಲು ಬರುತ್ತಿರಲಿಲ್ಲ. ಉಪಾಯ ಒಂದೇ ಇತ್ತು. ದನಿಯನ್ನು ಇನ್ನೊಂದು ಕಡೆ ಬೇರೆಯಾಗಿ ತೆಗೆದು, ತಂದು, ಚಿತ್ರದ ಜೊತೆ ಕೂಡಿಸಬೇಕು. ಅಂದರೆ ಅಪ್ಪ ಹೇಳಿದ್ದು ಅಕ್ಷರಶಃ ಖರೆಯಾಗಿತ್ತು. ಅದನ್ನು ಒಪ್ಪಿಕೊಳ್ಳೋಣವೆಂದರೆ ಅಷ್ಟರಲ್ಲಿ ಅವನೂ ಇರಲಿಲ್ಲ.

ಸಂಗಮೇಶನಿಗೆ ಫೋನು ಮಾಡಿದೆ. ಅವನು, ಸೌಂಡ್ ಇರುತ್ತದೆ ಮಾರಾಯ, ನನ್ನ ಕಡೆ ಬರುತ್ತದೆ, ನಿನ್ನ ಸಾಫ್ಟ್‌ವೇರಿಗೆ ವಯಸ್ಸಾಗಿದೆ, ಫೈಲು ಡಿವಿಡಿಗೆ ಹಾಕಿಕೊಂಡು ಬಾ, ತೆಗೆದುಕೊಡುತ್ತೇನೆ ಎಂದ. ಇಳಕಲ್ಲಿನಿಂದ ಬಾಗಲಕೋಟೆ ಎಷ್ಟು ದೂರ? ಹುನಗುಂದ ದಾಟಿ ಒಂದು ತಾಸು ಕೂತರೆ ಬಂತು. ನಾನು ಫೈಲುಗಳನ್ನು ಡಿವಿಡಿಗೆ ಹಾಕಿದೆ. ಅದರ ಮೇಲೆ ‘ಸೌಂಡ್ ತೆಗೆಸುವುದು’ ಎಂದು ಬರೆಯಬೇಕಿತ್ತು, ‘ಸೌಂಡ್ ಇಲ್ಲ’ ಎಂದು ಬರೆದೆ. ಆಮೇಲೆ ಕೈಗೆ ಇನ್ನೆರಡು ಮದುವೆ ಬಂದವು. ಹೇಗೂ ಹಾಡು ಹಾಕುವುದೇ ಅಲ್ಲವೇ ಎಂದು ಗಂಗಾಳ ಮದುವೆಗೆ ಹಾಡು ಹಾಕಿ ಮುಗಿಸಿಬಿಟ್ಟೆ. ಒಡಪಿನ ಜಾಗದಲ್ಲಿ ಒಂದು ಚಂದದ ಗಳಿಗೆ ಸಿಕ್ಕಿತ್ತು. ಅವಳು ಬಾಯಿ ತೆರೆದು, ಏನೋ ಹೇಳಿ, ತಡೆದು, ಒಮ್ಮೆ ಪಕ್ಕಕ್ಕೆ ನೋಡಿ ನಗುತ್ತಾಳೆ. ನಾಚಿಕೆ ಎಂದುಕೊಂಡೆ. ಆ ನೋಟವನ್ನು ನಿಧಾನಗತಿ ಮಾಡಿ, ಮೇಲೆ ಗುಲಾಬಿ ಪಕಳೆ ಸುರಿಸಿ, ಒಂದು ಪ್ರೇಮಗೀತೆ ಹಚ್ಚಿದೆ. ನನ್ನ ಕೈಚಳಕಕ್ಕೆ ನಾನೇ ಎರಡು ಸಲ ನೋಡಿ ಮೆಚ್ಚಿಕೊಂಡೆ.

ಹದಿನೈದು ದಿನಕ್ಕೆ ಗಂಗಾ ತವರಿಗೆ ಬಂದವಳು ನಮ್ಮ ಮನೆಗೂ ಬಂದಳು. ವೀಡಿಯೋ ಚಂದ ಆಗಿದೆ ಎಂದಳು. ಆಮೇಲೆ ಬಾಗಿಲ ಚೌಕಟ್ಟು ಉಗುರಿನಿಂದ ಕೆರೆಯುತ್ತಾ ಹೇಳಿದಳು:

‘ಅಣ್ಣಾ, ಒಡಪಿನ ಮ್ಯಾಲ ಹಾಡು ಬ್ಯಾಡ. ಅಲ್ಲಿ ಸೌಂಡ್ ಬೇಕು ನನಗ. ಅರ್ಧಾ ಹೇಳಿ ಮರತಿದ್ದೆ, ಅವ್ವ ಹಿಂದಿನಿಂದ ಹೇಳಿಕೊಟ್ಟಳು. ಇಡೀ ವೀಡಿಯೋದಾಗ ಅವ್ವ ಎಲ್ಲೂ ಇಲ್ಲ. ಅವ್ವಂದು ಅಂತ ಇರೋದು ಅದೊಂದ ದನಿ.’

ಇಡೀ ವೀಡಿಯೋದಲ್ಲಿ ಶಾಂತವ್ವ ಇಲ್ಲ ಎಂಬುದು ಅವಳು ಹೇಳುವತನಕ ನನಗೆ ಹೊಳೆದಿರಲಿಲ್ಲ. ಎರಡೂವರೆ ತಾಸಿನ ವೀಡಿಯೋ. ಕಂಡಕ್ಟರನ ಡಿಪೋದ ಗೆಳೆಯರೆಲ್ಲ ಇದ್ದರು, ಹೊಂಡದ ಹುಡುಗರು ಇದ್ದರು, ಒಂದು ಮಂಗ ಕೂಡ ಇತ್ತು. ಹೆತ್ತವಳು ಇರಲಿಲ್ಲ. ಆ ಒಡಪಿನ ಶಬ್ದಗಳೂ ಗಂಗಾಳಿಗೆ ಮರೆತಿದ್ದವಂತೆ. ಅವ್ವನನ್ನು ಕೇಳಿದರೆ, ಕಟ್ಟಿದ ಒಡಪು ನೆನಪಿಟ್ಟುಕೊಳ್ಳುವ ರೂಢಿ ನನಗೆಲ್ಲಿದೆ, ಹೇಳಿದವರ ಬಾಯಿಗೆ ಅದು ಎನ್ನುತ್ತಾಳಂತೆ.

ಆಗ ನಾನು ಏನು ಹೇಳಬೇಕಿತ್ತು? ಸೌಂಡ್ ಇದೆಯಂತೆ, ನನಗೆ ತೆಗೆಯಲು ಬರುತ್ತಿಲ್ಲ, ಬಾಗಲಕೋಟೆಗೆ ಹೋಗಿ ತೆಗೆಸಿಕೊಂಡು ಬರುತ್ತೇನೆ. ಇಷ್ಟೇ. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಓಣಿಗೆಲ್ಲ ಕಂಪ್ಯೂಟರ್ ಪಂಡಿತನಾದವನು, ನನಗೆ ಬರುವುದಿಲ್ಲ ಎಂದು ಹೇಳುವುದು ಹೇಗೆ. ನಾನು ಅಂದದ್ದು ಇದು: ‘ನೀ ಭಾಳ ಸಣ್ಣ ದನೀಲೆ ಹೇಳಿದಿ ಗಂಗಾ. ಮೈಕಿಗೆ ಹತ್ತಿಲ್ಲ.’

ಅವಳು ನಂಬಿದಳು. ಹೌದಣ್ಣಾ, ನನಗೆ ಅವತ್ತು ಅಂಜಿಕೆಯೇ ಆಗಿತ್ತು, ಜೋರಾಗಿ ಹೇಳಬೇಕಿತ್ತು ಎಂದು ತನ್ನನ್ನೇ ಬೈದುಕೊಂಡು ಹೋದಳು. ತಪ್ಪು ನನ್ನದು, ಹೊತ್ತುಕೊಂಡು ಹೋದವಳು ಅವಳು.

ಆಮೇಲೆ ಬಾಗಲಕೋಟೆಗೆ ನಾನು ಹೋಗಲೇ ಇಲ್ಲವೆಂದಲ್ಲ. ಹತ್ತಾರು ಸಲ ಹೋದೆ. ಎರಡು ಸಲ ಈ ಡಿವಿಡಿ ಚೀಲದಲ್ಲೇ ಇತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಗಿರಮಿಟ್ಟು, ಮಿರ್ಚಿ ತಿಂದು, ಸಂಗಮೇಶನ ಸ್ಟುಡಿಯೋ ಊರಿನ ಆ ತುದಿಗಿದೆ, ಇನ್ನೊಮ್ಮೆ ನೋಡೋಣ ಎಂದು ಬಸ್ಸು ಹತ್ತಿದೆ. ಎಷ್ಟು ಸಣ್ಣ ಸೋಮಾರಿತನ ನೋಡಿ. ದೊಡ್ಡ ಪಾಪ ಮಾಡುವವರಿಗೆ ಧೈರ್ಯವಾದರೂ ಬೇಕಾಗುತ್ತದೆ. ನನ್ನಂಥವರಿಗೆ ಒಂದು ತಟ್ಟೆ ಮಿರ್ಚಿ ಸಾಕು.

ಮೂರು ವರ್ಷ ಕಳೆಯಿತು. ಹೊಸ ಕಂಪ್ಯೂಟರು ತಂದೆ. ಅದರೊಳಗೆ ಸಿಕ್ಕಸಿಕ್ಕ ಫೈಲನ್ನೆಲ್ಲ ಹಚ್ಚುವ ಒಂದು ಪುಕ್ಕಟೆ ಪ್ಲೇಯರು ಇತ್ತು. ಒಂದು ಮಧ್ಯಾಹ್ನ ಒಗೆಯುವ ಡಿವಿಡಿ ಯಾವವು, ಇಡುವವು ಯಾವವು ಎಂದು ಒಂದೊಂದೇ ಹಾಕಿ ನೋಡುತ್ತಿದ್ದೆ. ಗಂಗಾಳದ್ದು ಹಾಕಿದೆನೋ ಇಲ್ಲವೋ, ಸ್ಪೀಕರಿನಿಂದ ಧಡಲ್ಲನೆ ಹುಡುಗನೊಬ್ಬ ಹೊಂಡಕ್ಕೆ ಹಾರಿದ. ನೀರಿನ ಸದ್ದು, ಗುಡಿಯ ಗಂಟೆ, ಹೆಂಗಸರ ಕಲಕಲ. ಕುರ್ಚಿಯಿಂದ ಅರ್ಧ ಎದ್ದುನಿಂತೆ. ಸಂತೋಷವೆಂದರೆ ಸಂತೋಷ. ಒಡಪಿನ ಜಾಗಕ್ಕೆ ಓಡಿಸಿದೆ.

ಮೊದಲು ಕೇಳಿದ್ದು ನನ್ನ ದನಿ. ಕ್ಯಾಮೆರಾ ಹಿಡಿದವನ ಬಾಯಿಯೇ ಮೈಕಿಗೆ ಎಲ್ಲರಿಗಿಂತ ಹತ್ತಿರವಿರುತ್ತದೆ, ಅದು ನನಗೆ ಎಂದೂ ಹೊಳೆದಿರಲಿಲ್ಲ. ಚಿತ್ರದ ಅಂಚಿನಲ್ಲಿ ಮಾಸಿದ ಸೀರೆಯ ಸೆರಗೊಂದು ಒಳಗೆ ಬರುತ್ತದೆ. ಮಗಳ ಒಡಪು ಕೇಳಲು ಒಂದು ಹೆಜ್ಜೆ ಮುಂದೆ ಬಂದಿದ್ದಾಳೆ, ಅಷ್ಟೇ. ಆಗ ನಾನು, ಇಡೀ ಮಹಾಕೂಟಕ್ಕೆ ಕೇಳುವ ಹಾಗೆ:

‘ಚಿಗವ್ವ, ಹಿಂದ ಸರಿ. ನೀ ನಡುವ ಬಂದ್ರ ವೀಡಿಯೋ ಚೆಂದ ಬರಂಗಿಲ್ಲ.’

ಅದಕ್ಕೆ ಅವಳು, ತಗ್ಗಿದ ದನಿಯಲ್ಲಿ:

‘ಆತಪಾ, ಸರೀತೇನಿ. ನನ್ನ ಕೂಸು ಚೆಂದ ಬರ್ಲಿ.’

ಸೆರಗು ಅಂಚಿನಿಂದ ಹೊರಗೆ ಹೋಗುತ್ತದೆ. ಗಂಡಿನ ಕಡೆಯವರು ಯಾರೂ ನನಗೆ ಹಾಗೆ ಹೇಳು ಎಂದಿರಲಿಲ್ಲ. ಬರಿಹಣೆಯ ಹೆಂಗಸು ಮೊದಲ ಸಾಲಿನಲ್ಲಿ ಬಂದರೆ ಯಾರಾದರೂ ಏನಾದರೂ ಅಂದಾರು ಎಂದು, ಯಾರೂ ಏನೂ ಅನ್ನುವ ಮುಂಚೆಯೇ, ನಾನೇ ಅಂದುಬಿಟ್ಟಿದ್ದೆ. ಅಂದದ್ದು ನೆನಪೂ ಇರಲಿಲ್ಲ. ಅವತ್ತಿನ ನಾನು ನನ್ನ ನೆನಪಿನಲ್ಲಿ ಬಹಳ ನಯವಾದ ಮನುಷ್ಯ. ಪುಟಾಣಿ ಬೆಲ್ಲ ಕೊಟ್ಟ ಕೈಯನ್ನು ಅವಳ ಮಗಳ ಮದುವೆಯಲ್ಲೇ ಹಿಂದೆ ತಳ್ಳಿದವನು ನಾನೇ ಎಂದು ಯಾರಾದರೂ ಹೇಳಿದ್ದರೆ ಅವರ ಜೊತೆ ಜಗಳ ಆಡುತ್ತಿದ್ದೆ. ಹೇಳುತ್ತಿರುವುದು ನನ್ನದೇ ದನಿ, ಜಗಳ ಯಾರ ಜೊತೆ ಆಡಲಿ.

ನನ್ನ ಮಾತಿನ ಬೆನ್ನಿಗೇ ಗಂಗಾ ಒಡಪು ಶುರುಮಾಡುತ್ತಾಳೆ. ಮೊದಲ ಸಾಲು ಹೇಳಿ ತಡೆಯುತ್ತಾಳೆ. ಪಕ್ಕಕ್ಕೆ ನೋಡುತ್ತಾಳೆ. ನಾನು ಗುಲಾಬಿ ಪಕಳೆ ಸುರಿಸಿದ್ದು ಇಲ್ಲೇ. ಅದು ನಾಚಿಕೆಯಾಗಿರಲಿಲ್ಲ, ಅವ್ವ ಎಲ್ಲಿ ಹೋದಳು ಎಂದು ಹುಡುಕುವ ನೋಟ. ಆಗ ಕ್ಯಾಮೆರಾದ ಹಿಂದಿನಿಂದ ಎರಡನೆಯ ಸಾಲು ಮೆಲ್ಲಗೆ ಕೇಳುತ್ತದೆ. ಗಂಗಾ ನಕ್ಕು ಎರಡೂ ಸಾಲು ಕೂಡಿಸಿ ಜೋರಾಗಿ ಹೇಳುತ್ತಾಳೆ:

‘ಮಗ್ಗದಾಗ ನೇದ ಸೀರಿಗಿ ಸೆರಗಿನ್ಯಾಗ ತೆನಿ,
ಈರಣ್ಣರ ಹೆಸರು ಹೇಳಿ ತುಂಬತೇನಿ ಮನಿ.’

ಹೆಂಗಸರೆಲ್ಲ ಗೊಳ್ಳೆಂದು ನಗುತ್ತಾರೆ. ದನಿ ಎಲ್ಲೂ ಸಣ್ಣದಾಗಿರಲಿಲ್ಲ. ಮೈಕಿಗೆ ಎಲ್ಲವೂ ಹತ್ತಿತ್ತು.

ಎದುರುಮನೆಗೆ ಹತ್ತು ಹೆಜ್ಜೆ. ನಾಗರಪಂಚಮಿ ಹತ್ತಿರವಿತ್ತು, ಗಂಗಾ ತವರಿಗೆ ಬಂದಾಗಿತ್ತು. ಅವತ್ತೇ ಓಡಿಹೋಗಿ ಕೊಡಬೇಕಿತ್ತು. ಆದರೆ ನಾನು ಮಿಕ್ಸಿಂಗಿನವನು, ಕತ್ತರಿ ನನ್ನ ಕೈಯಲ್ಲಿತ್ತು. ನನ್ನ ಮಾತಷ್ಟು ತೆಗೆದು ಕೊಡೋಣ ಎಂದು ಕೂತೆ. ನನ್ನದನ್ನು ತೆಗೆದರೆ, ಅದಕ್ಕೆ ಶಾಂತವ್ವ ಹೇಳಿದ ಉತ್ತರ ಒಂಟಿಯಾಗಿ ನಿಂತು, ಯಾರಿಗೆ ಹೇಳಿದಳು, ಯಾಕೆ ಹೇಳಿದಳು ಎಂದು ಕೇಳುವಂತಾಗುತ್ತಿತ್ತು. ಉತ್ತರವನ್ನೂ ತೆಗೆದರೆ, ಅವಳ ಮಾತಿನ ಮೇಲೆಯೇ ಹತ್ತಿಕೊಂಡಿದ್ದ ಒಡಪಿನ ಮೊದಲ ಸಾಲು ತುಂಡಾಗುತ್ತಿತ್ತು. ಮೂವರ ದನಿಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಅಷ್ಟು ಕೊಂಡಿಗಳನ್ನು ಬಿಡಿಸುವ ಕೈ ನನ್ನದಲ್ಲ. ನಾಳೆ ನೋಡೋಣ ಎಂದೆ. ಪಂಚಮಿ ಮುಗಿದು ಗಂಗಾ ಬಾದಾಮಿಗೆ ಹೋದಳು. ಅವಳು ಬಸ್ಸಿಗೆ ಹೊರಟಾಗ ನಾನು ಕಿಟಕಿಯಿಂದ ಹಿಂದೆ ಸರಿದು ನಿಂತಿದ್ದೆ.

ಆ ಒಂದು ವರ್ಷದಲ್ಲಿ ಆಗಬಾರದ್ದು ಆಯಿತು. ಪವರ್‌ಲೂಮಿನ ಶೆಡ್ಡೆಂದರೆ ನಮ್ಮ ಕೈಮಗ್ಗದ ಲಟಪಟ ಅಲ್ಲ. ಒಳಗೆ ನಿಂತರೆ ಎದೆಯ ಗೂಡೇ ನಡುಗುತ್ತದೆ. ಶಾಂತವ್ವನ ಒಂದು ಕಿವಿ ಮೊದಲೇ ಮಂದವಾಗಿತ್ತು. ಇನ್ನೊಂದೂ ನಿಧಾನಕ್ಕೆ ಹೋಯಿತು. ಬಾಗಲಕೋಟೆಯ ದವಾಖಾನೆಗೆ ಕರೆದೊಯ್ದಿದ್ದರು, ಇದು ತಿರುಗಿ ಬರುವಂಥದಲ್ಲ ಎಂದರಂತೆ. ಒಂದು ದಿನ ನಾನು ಓಣಿಯಲ್ಲಿ ಚಿಗವ್ವ ಎಂದು ಕರೆದೆ, ನನ್ನ ಈ ದನಿಯಲ್ಲಿ. ಅವಳು ತಿರುಗಿ ನೋಡದೆ ನಡೆದುಹೋದಳು. ಎಲ್ಲ ತಿಳಿದು ಸಿಟ್ಟಾಗಿದ್ದಾಳೆ ಎಂದುಕೊಂಡೆ. ಅವಳಿಗೆ ಕೇಳಿಸಿರಲಿಲ್ಲ, ಅಷ್ಟೇ. ಸಿಟ್ಟಾಗಿದ್ದರೇ ಚೆನ್ನಾಗಿತ್ತು.

ಮರುವರ್ಷದ ಪಂಚಮಿಗೆ ಅದನ್ನು ಟಿವಿಗೆ ಹಚ್ಚುವ ಹಾಗೆ ಇನ್ನೊಂದು ಡಿವಿಡಿಗೆ ಇಳಿಸಿ ಹಿಡಿದುಕೊಂಡು ಹೋದೆ. ಒಂದು ಅಕ್ಷರ ಕತ್ತರಿಸಿರಲಿಲ್ಲ. ಜೋಕಾಲಿ ಕಟ್ಟಿದ್ದ ಪಡಸಾಲೆಯಲ್ಲಿ ಟಿವಿ ಇತ್ತು. ಗಂಗಾಳಿಗೆ, ಸೌಂಡ್ ಮೊದಲಿನಿಂದಲೂ ಇತ್ತು, ನನಗೆ ತೆಗೆಯಲು ಬಂದಿರಲಿಲ್ಲ, ತಪ್ಪನ್ನು ನಿನ್ನ ದನಿಯ ಮೇಲೆ ಹಾಕಿದೆ, ಕಳೆದ ವರ್ಷವೇ ಸಿಕ್ಕಿತ್ತು ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅವಳು ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು. ಡಿವಿಡಿ ಹಾಕಿದಳು.

ಟಿವಿಯ ಮುಂದೆ ನೆಲದ ಮೇಲೆ ಕೂತು ಪೂರ್ತಿ ಕೇಳಿದಳು. ನನ್ನ ದನಿ ಬಂದಾಗ ಅವಳ ಬೆನ್ನು ನೆಟ್ಟಗಾಯಿತು, ತಿರುಗಿ ನನ್ನ ಕಡೆ ನೋಡಲಿಲ್ಲ. ಅವ್ವನ ದನಿ ಬಂದಾಗ ಕೈ ಬಾಯಿಗೆ ಹೋಯಿತು. ಒಡಪು ಮುಗಿದ ಮೇಲೆ ಮತ್ತೆ ಹಿಂದೆ ಓಡಿಸಿ ಅದನ್ನೇ ಮೂರು ಸಲ ಕೇಳಿದಳು. ಆಮೇಲೆ ಪಕ್ಕದಲ್ಲಿ ಕೂತು ಟಿವಿಯ ಬಾಯಿಗಳನ್ನೇ ನೋಡುತ್ತಿದ್ದ ಶಾಂತವ್ವನ ಕಿವಿಗೆ ಬಾಯಿ ಹಚ್ಚಿ, ಆ ಎರಡು ಸಾಲನ್ನು ಕೂಗಿ ಹೇಳಿದಳು. ಎರಡು ಸಲ ಹೇಳಬೇಕಾಯಿತು. ಶಾಂತವ್ವನ ಮುಖ ಅರಳಿತು. ತೆನಿ, ಮನಿ ಎಂದು ತುಟಿಯಲ್ಲೇ ಕೂಡಿಸಿ ನೋಡಿದಳು. ಇದನ್ನು ನಾನು ಕಟ್ಟಿದ್ದೇನು, ಚೆನ್ನಾಗಿದೆಯಲ್ಲ ಎಂದು ಬೇರೆ ಯಾರದೋ ಒಡಪಿಗೆ ಮೆಚ್ಚಿದಂತೆ ಮೆಚ್ಚಿದಳು. ಕಳೆದ ವರ್ಷ ತಂದಿದ್ದರೆ ಅವಳೇ ಕೇಳುತ್ತಿದ್ದಳು. ನಾನು ಎದ್ದು ಹೋಗಲೆಂದು ಚಪ್ಪಲಿ ಹುಡುಕಿದೆ.

ಆಗ ಶಾಂತವ್ವ ನನ್ನ ಕಡೆ ನೋಡಿ ನಗುತ್ತಾ ಮಗಳನ್ನು ಕೇಳಿದಳು: ‘ಬಸೂನ ದನಿ ಊರಿಗೆಲ್ಲಾ ಕೇಳತೈತಿ. ಅದರಾಗ ಇವ ಏನೂ ಅಂದಿಲ್ಲೇನು?’

ಗಂಗಾ ನನ್ನ ಮುಖ ನೋಡಿದಳು. ಅವತ್ತು ಅವಳು ನನ್ನನ್ನು ನೋಡಿದ್ದು ಅದೇ ಮೊದಲು. ಆಮೇಲೆ ಅವ್ವನ ಕಿವಿಗೆ ಬಾಗಿ ಕೂಗಿದಳು:

‘ಅಂದಾನವ್ವ. ಚಿಗವ್ವ, ಮುಂದ ಬಾ ಅಂತ ಅಂದಾನ.’

ಶಾಂತವ್ವ ತಲೆಯಾಡಿಸಿದಳು.

‘ಇಲ್ಲವಾ. ಹಿಂದ ಸರಿ ಅಂದಿದ್ದ. ಆವಾಗ ನನ್ನ ಕಿವಿ ಚೊಲೋ ಇದ್ದೂ.’

ದನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆ ಪಂಚಮಿಯ ಉಂಡಿಯಿದ್ದ ತಾಟನ್ನು ನನ್ನ ಮುಂದೆ ತಂದಿಟ್ಟು, ತಿನ್ನು ಎಂದಳು.